ಬೇಲಿ ಪಕ್ಕದ ವೀರಗಲ್ಲು ರೆಸಾರ್ಟಿನ ಗೇಟಿಗೆ ಬೇಡ

ನೇರವಾಗಿ ವಿಷಯಕ್ಕೆ ಬರ್ತೀನಿ. ನಮ್ಮ ಗೋಣಿಕೊಪ್ಪಲಿನಿಂದ ಬಹಳ ದೂರವೇನಲ್ಲದ ಒಂದು ಕಾಫಿ ತೋಟದ ಬೇಲಿ ಪಕ್ಕದಲ್ಲಿ ಒಂದು ವೀರಗಲ್ಲಿದೆ. ಸೊಂಟದೆತ್ತರದ ಕಲ್ಲು, ಸ್ವಲ್ಪ ಎಡಕ್ಕೆ ವಾಲಿದೆ, ಮಳೆಗಾಲದಲ್ಲಿ ಪಾಚಿ ಹತ್ತಿ ಹಸಿರಾಗಿಬಿಡುತ್ತೆ. ಈಗ ಆ ತೋಟದ ಒಂದು ಭಾಗ ರೆಸಾರ್ಟ್ ಆಗ್ತಾ ಇದೆ. ತೋಟದ ಯಜಮಾನರಿಗೆ ಆ ಕಲ್ಲನ್ನು ಕಿತ್ತು ಮುಂದಿನ ಗೇಟಿನ ಹತ್ತಿರ, ಕಾರಂಜಿ ಪಕ್ಕ ನಿಲ್ಲಿಸಿ, ಕೆಳಗಿಂದ ಹಳದಿ ಲೈಟು ಬಿಡಬೇಕು ಅಂತ ಆಸೆ. ಕೆಟ್ಟ ಮನುಷ್ಯರೇನಲ್ಲ. ಕಲ್ಲಿನ ಮೇಲೆ ಪ್ರೀತಿ ಇರೋದಕ್ಕೇ ಹಾಗನ್ನಿಸಿದೆ.

ಈ ವಿಷಯ ನಮ್ಮ ಸ್ಕೂಲಿನ ಹಳೇ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನ ಜಗಳವಾಯ್ತು. ಅರ್ಧ ಜನ "ಒಳ್ಳೇದೇ ಆಯ್ತಲ್ಲ, ಸೇಫ್ ಆಗಿರುತ್ತೆ, ನಾಲ್ಕು ಜನ ನೋಡ್ತಾರೆ" ಅಂದರು. ಇನ್ನರ್ಧ "ಮಡಿಕೇರಿ ಮ್ಯೂಸಿಯಮ್ಮಿಗೆ ಕೊಟ್ಟುಬಿಡಲಿ" ಅಂದರು. ಎರಡೂ ಬೇಡ, ಅಲ್ಲೇ ಇರಲಿ ಅಂದವನು ನಾನೊಬ್ಬನೇ. ಯಾಕೆ ಅಂತ ಹೇಳೋಕೆ ಹೋದರೆ ಮಧ್ಯದಲ್ಲಿ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬಂದು ಮಾತೇ ಮೇಲೆ ಹೋಗಿಬಿಡುತ್ತೆ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ. ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ.

ವೀರಗಲ್ಲು ಅಂದರೇನು ಅಂತ ನಿಮ್ಮಲ್ಲಿ ಬಹಳಷ್ಟು ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ಎರಡೇ ಮಾತು. ಊರಿಗೋಸ್ಕರ, ಒಡೆಯನಿಗೋಸ್ಕರ, ದನಕರುಗಳಿಗೋಸ್ಕರ ಕಾದಾಡಿ ಸತ್ತವನ ನೆನಪಿಗೆ ನೆಟ್ಟ ಕಲ್ಲು ಅದು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಅವನು ಹೋರಾಡ್ತಾ ಇರೋದು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯೋದು. ಮೇಲೆ ಕೈಲಾಸ, ಅಲ್ಲೊಂದು ಲಿಂಗ, ಒಬ್ಬ ಪೂಜಾರಿ, ಎದುರಿಗೆ ಆರಾಮಾಗಿ ಕೂತ ನಮ್ಮ ವೀರ. ಅದರ ಮೇಲೆ ಸೂರ್ಯ ಚಂದ್ರ, ಅವೆರಡೂ ಇರೋ ತನಕ ಈ ಹೆಸರೂ ಇರಲಿ ಅಂತ. ಕೆಳಗಿಂದ ಮೇಲಕ್ಕೆ ಓದಬೇಕು. ಕಾಮಿಕ್ ಪುಸ್ತಕವನ್ನು ತಲೆಕೆಳಗೆ ಹಿಡಿದ ಹಾಗೆ :)

ಸಾಯೋ ಕಾರಣಗಳೂ ಥರಾವರಿ. ತುರುಗೊಳ್ ಅಂದರೆ ದನ ಹೊಡೆದುಕೊಂಡು ಹೋಗೋರನ್ನು ತಡೆಯೋದು. ಊರಳಿವು ಅಂದರೆ ಊರಿಗೆ ದಾಳಿಯಾದಾಗ ನಿಲ್ಲೋದು. ಪೆಣ್ಬುಯ್ಯಲ್ ಅಂದರೆ ಹೆಣ್ಣಿನ ಕೂಗಿಗೆ ಓಡಿಬಂದು ಕಾದೋದು. ಗಡಿ ಜಗಳ, ಹಂದಿ ಬೇಟೆ, ಹುಲಿ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಹೊರತಂದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಓದಿದವರಿಗೆ ಇದೆಲ್ಲ ಹೊಸದಲ್ಲ. ಓದದೇ ಇದ್ದವರು ದಯವಿಟ್ಟು ಹುಡುಕಿ ಓದಿ. ಶಾಸನದ ಪುಸ್ತಕ ಅಂದರೆ ನಿದ್ದೆ ಬರುತ್ತೆ ಅನ್ನೋ ಭ್ರಮೆ ಬಿಟ್ಟುಹೋಗುತ್ತೆ. ನಮ್ಮ ಕೊಡಗಿನಲ್ಲಿ ಇಂಥ ಕಲ್ಲನ್ನು ಕೊಲ್ಲೆ ಕಲ್ಲು ಅಂತಾರೆ. ಹುಲಿ ಕೊಂದವನಿಗೆ ಮದುವೆ ಗಂಡಿನ ಹಾಗೆ ಕೂರಿಸಿ 'ನರಿ ಮಂಗಲ' ಮಾಡ್ತಿದ್ದ ನಾಡು ಇದು (ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ, ನಗಬೇಡಿ). ಅಂಥ ಕಡೆ ಇಂಥ ಕಲ್ಲು ಇರೋದರಲ್ಲಿ ಆಶ್ಚರ್ಯ ಇಲ್ಲ. ಇನ್ನೊಂದು ವಿಷಯ ಹೇಳಲೇಬೇಕು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸರಣಿಯ ಮೊಟ್ಟಮೊದಲ ಸಂಪುಟ ಮೈಸೂರಿನದಲ್ಲ, ಕೊಡಗಿನದು, 1886ರದ್ದು. ನಮ್ಮ ಕಿಗ್ಗಟ್ಟುನಾಡಿನ ಪೆಗ್ಗೂರಿನ 978ರ ಶಾಸನ ಅದರಲ್ಲಿದೆ. ಶ್ರವಣಬೆಳಗೊಳದ ಜೈನ ಗುರುವೊಬ್ಬರಿಗೆ ಊರನ್ನು ದಾನ ಕೊಟ್ಟ ಶಾಸನ ಅದು. ಸಾವಿರ ವರ್ಷದ ಹಿಂದೆ ನಮ್ಮ ಮಳೆಕಾಡಿನಲ್ಲಿ ಕೂತು ಯಾರೋ ಕನ್ನಡ ಕೆತ್ತಿದ್ದರು ಅನ್ನೋದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಆದರೆ ನಾನು ಹೇಳ್ತಿರೋ ಬೇಲಿ ಪಕ್ಕದ ಕಲ್ಲಿನ ಮೇಲೆ ಒಂದಕ್ಷರವೂ ಇಲ್ಲ. ಚಿತ್ರ ಮಾತ್ರ. ಗುಂಪಿನಲ್ಲಿ ಒಬ್ಬ ಕೇಳಿದ್ದೂ ಅದನ್ನೇ: "ಹೆಸರೇ ಇಲ್ಲದ ಕಲ್ಲು ಎಲ್ಲಿದ್ದರೇನು?" ಇದಕ್ಕೆ ಉತ್ತರ ಹೇಳೋಕೆ ನಾನು ಈಜಿಪ್ಟಿಗೆ ಹೋಗಿಬರಬೇಕು. ಜೊತೆಗೆ ಬನ್ನಿ, ವೀಸಾ ಬೇಡ.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಲಕ್ಷಗಟ್ಟಲೆ ಫೋಟೋಗಳನ್ನು ಯಾರು ಬೇಕಾದರೂ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ರಿಲೀಸ್ ಇರೋ ರಾತ್ರಿ ಬಿಲ್ಡ್ ಮುಗಿಯೋ ತನಕ ಅದನ್ನು ನೋಡ್ತಾ ಕೂರೋದು ನನ್ನ ಚಟ. ಅಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳೋದು ಈಜಿಪ್ಟಿನ ಸ್ಮಾರಕ ಫಲಕಗಳು. ಸ್ಟೀಲಾ ಅಂತಾರೆ. ಸುಣ್ಣಕಲ್ಲಿನ ಹಲಗೆ, ಎಷ್ಟೋ ಸಲ ತಲೆ ದುಂಡಗೆ. ಅದರಲ್ಲಿ ಸತ್ತವನು, ಪಕ್ಕ ಹೆಂಡತಿ, ಎದುರಿಗೊಂದು ಮೇಜು, ಮೇಜಿನ ಮೇಲೆ ರೊಟ್ಟಿ, ಬಾತುಕೋಳಿ, ಎತ್ತಿನ ತೊಡೆ, ಈರುಳ್ಳಿ ಕಟ್ಟು. ಕೆಳಗೆ ಸಾಲಾಗಿ ಮಕ್ಕಳು, ಅಣ್ಣತಮ್ಮಂದಿರು, ಕೆಲಸದವರು, ಪ್ರತಿಯೊಬ್ಬರ ಪಕ್ಕ ಅವರವರ ಹೆಸರು. ಗಂಡಸರಿಗೆ ಕೆಂಪು ಬಣ್ಣ, ಹೆಂಗಸರಿಗೆ ಹಳದಿ. ಸುಣ್ಣಕಲ್ಲು ಮೆತ್ತಗಿನ ಕಲ್ಲು, ಒಂದೊಂದು ರೆಪ್ಪೆಗೂದಲನ್ನೂ ಕೆತ್ತಬಹುದು. ನಮ್ಮ ಕಡೆ ಕಣಶಿಲೆಯಲ್ಲಿ ಆ ನಾಜೂಕು ಸಾಧ್ಯವಿಲ್ಲ. ನಮ್ಮ ವೀರನ ಮೂಗು ಉಬ್ಬಿಕೊಂಡಿದ್ದರೆ ಶಿಲ್ಪಿಯನ್ನು ಬೈಯಬೇಡಿ.

ಇವು ಬರೀ ರಾಜರದ್ದಲ್ಲ ಅನ್ನೋದೇ ನನಗೆ ಇಷ್ಟವಾದ ವಿಷಯ. ಕ್ರಿಸ್ತಪೂರ್ವ 2000ದಿಂದ 1700ರ ಸುಮಾರಿನ ಕಾಲದಲ್ಲಿ ಗುಮಾಸ್ತರು, ಉಗ್ರಾಣದವರು, ಕಲ್ಲುಕುಟಿಗರು ಕೂಡ ಇಂಥ ಕಲ್ಲು ಮಾಡಿಸಿದ್ದಾರೆ. ಇರ್ತಿಸೆನ್ ಅನ್ನೋ ಒಬ್ಬ ಶಿಲ್ಪಿಯ ಕಲ್ಲು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಅವನು ತನಗೆ ಯಾವ ಯಾವ ವಿದ್ಯೆ ಬರುತ್ತೆ ಅಂತ ಕೊಚ್ಚಿಕೊಂಡಿದ್ದಾನೆ. ನಾಲ್ಕು ಸಾವಿರ ವರ್ಷದ ಹಿಂದಿನ ರೆಸ್ಯೂಮ್!

ಆಮೇಲೆ ಕೇಳಿ. ಇವುಗಳಲ್ಲಿ ಎಷ್ಟೋ ಕಲ್ಲು ಮೊದಲೇ ತಯಾರು ಮಾಡಿಟ್ಟವು. ಚಿತ್ರ ಕೆತ್ತಿ, ಪ್ರಾರ್ಥನೆ ಕೆತ್ತಿ, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿರೋದು. ಗಿರಾಕಿ ಬಂದ ಮೇಲೆ ಹೆಸರು ತುಂಬೋದು. ಕೆಲವದರಲ್ಲಿ ಹೆಸರಿನ ಅಕ್ಷರ ಬೇರೆ ಕೈಯದು ಅಂತ ಕಣ್ಣಿಗೇ ಕಾಣುತ್ತೆ. ಕೆಲವದರಲ್ಲಿ ಜಾಗ ಖಾಲಿಯೇ ಉಳಿದಿದೆ. ನಾವು ಕೋಡ್ ಬರೆಯೋರು ಇದನ್ನು ಟೆಂಪ್ಲೇಟ್ ಅಂತೀವಿ. ನಮ್ಮ ವೀರಗಲ್ಲಿನ ಮೂರಂತಸ್ತೂ ಟೆಂಪ್ಲೇಟೇ ಅಲ್ಲವೇ? ಅದೇ ಅಪ್ಸರೆಯರು, ಅದೇ ಕೈಲಾಸ. ಬದಲಾಗೋದು ಕೆಳಗಿನ ಜಗಳ ಮತ್ತು, ಇದ್ದರೆ, ಹೆಸರು. ಟೆಂಪ್ಲೇಟ್ ಅಂದ ಮಾತ್ರಕ್ಕೆ ಸತ್ತವನ ದುಃಖ ಕಡಿಮೆ ಅಂತಲ್ಲ. ಮದುವೆ ಕಾಗದ ಎಲ್ಲರದ್ದೂ ಒಂದೇ ಥರ ಇರುತ್ತೆ, ಅದರೊಳಗಿನ ಎರಡು ಹೆಸರು ಮಾತ್ರ ನಮ್ಮದು.

ಆ ಕಲ್ಲುಗಳ ಮೇಲಿನ ಪ್ರಾರ್ಥನೆಯಲ್ಲಿ ಏನು ಕೇಳ್ತಾರೆ ಗೊತ್ತಾ? ಸಾವಿರ ರೊಟ್ಟಿ, ಸಾವಿರ ಕೊಡ ಬಿಯರ್, ಸಾವಿರ ಎತ್ತು, ಸಾವಿರ ಹಕ್ಕಿ, ಜೊತೆಗೆ ಬಟ್ಟೆ. ಅರಸ ದೇವರಿಗೆ ಕೊಡುವ ಕಾಣಿಕೆಯಲ್ಲಿ ಈ ಸತ್ತವನಿಗೂ ಪಾಲು ಸಿಗಲಿ ಅಂತ. ಮಕ್ಕಳು ಒಂದು ತಲೆಮಾರು ತಂದಿಡ್ತಾರೆ, ಮೊಮ್ಮಕ್ಕಳು ಇನ್ನೊಂದಷ್ಟು ದಿನ. ಆಮೇಲೆ? ಅದಕ್ಕೂ ಅವರೊಂದು ಉಪಾಯ ಮಾಡಿದ್ದರು. ದಾರಿಯಲ್ಲಿ ಹೋಗೋರನ್ನು ಕಲ್ಲೇ ಕರೆಯುತ್ತೆ: ಭೂಮಿಯ ಮೇಲೆ ಬದುಕಿರೋರೇ, ಇಲ್ಲಿ ಹಾದುಹೋಗೋರೇ, ನಿಮ್ಮ ಹತ್ತಿರ ಕೊಡೋಕೆ ಏನೂ ಇಲ್ಲದಿದ್ದರೂ ಬಾಯಿಬಿಟ್ಟು ಇಷ್ಟು ಹೇಳಿ ಹೋಗಿ ಅಂತ. ಬಾಯಿಯ ಉಸಿರು ತಾನೇ, ನಿಮಗೇನು ಖರ್ಚು ಅನ್ನೋ ಅರ್ಥದ ಮಾತೂ ಕೆಲವದರಲ್ಲಿದೆ. ಆ ಕಾಣಿಕೆಗೆ ಅವರ ಭಾಷೆಯಲ್ಲಿರೋ ಹೆಸರಿನ ಅರ್ಥವೇ 'ದನಿಯಿಂದ ಹೊರಬಂದದ್ದು'. ಅಂದರೆ ಯಾರಾದರೂ ಗಟ್ಟಿಯಾಗಿ ಓದಿದರೆ ಸತ್ತವನ ಎದುರಿನ ಮೇಜು ತುಂಬುತ್ತೆ. ಓದುವವರು ಇಲ್ಲದಿದ್ದರೆ ಅವನು ಹಸಿದಿರ್ತಾನೆ.

ಇದನ್ನು ಓದಿದಾಗ ನನಗೆ ತಕ್ಷಣ ನೆನಪಾದದ್ದು ಈಜಿಪ್ಟಿನ ಪಿರಮಿಡ್ಡಲ್ಲ, ನನ್ನ ಕೊಡವ ಗೆಳೆಯನ ಐನ್‌ಮನೆ. ನಾವು ಕೊಡವರಲ್ಲ, ಗೋಣಿಕೊಪ್ಪಲಿಗೆ ಅಂಗಡಿ ಇಡೋಕೆ ಬಂದ ಮನೆಯವರು. ಆದರೂ ಗೆಳೆಯರ ಮನೆಗಳಲ್ಲಿ ಉಂಡು ಬೆಳೆದವರು. ಅವರ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗು ದೀಪದ ಹತ್ತಿರ ಹಿರಿಯರಿಗೆ ಮೀದಿ ಇಡ್ತಾರೆ. ಬಾಳೆಲೆ, ಅಡುಗೆ, ಜೊತೆಗೆ ಒಂದಷ್ಟು ಮದ್ಯ. ವರ್ಷಕ್ಕೊಂದು ದಿನ ಕುಲದ ಹಿರಿಯರಿಗೆ 'ಕಾರಣಂಗ್ ಕೊಡ್ಪ' ಅಂತ ಮಾಡ್ತಾರೆ, ಆವತ್ತು ಮಾಂಸದಡುಗೆ, ಮದ್ಯ ಎಲ್ಲ ಕೈಮಡದ ಮುಂದೆ ಎಡೆ ಆಗುತ್ತೆ. ರೊಟ್ಟಿ ಬಿಯರ್ ಎತ್ತು ಹಕ್ಕಿ, ಕಡಂಬುಟ್ಟು ಬ್ರಾಂದಿ ಹಂದಿ ಕೋಳಿ! ಇದರಿಂದ ಈಜಿಪ್ಟಿನವರು ಕೊಡಗಿಗೆ ಬಂದಿದ್ದರು ಅಂತ ಯಾರೂ ದಯವಿಟ್ಟು ಪೋಸ್ಟ್ ಹಾಕಬೇಡಿ. ಇಂಟರ್ನೆಟ್ಟಿನಲ್ಲಿ ಅಂಥ ಸಂಶೋಧನೆಗಳು ಈಗಾಗಲೇ ಸಾಕಷ್ಟಿವೆ. ಸತ್ತವರು ಹಸಿದಿರಬಾರದು ಅನ್ನೋ ಕಕ್ಕುಲಾತಿ ಎಲ್ಲ ಕಡೆಯೂ ಹುಟ್ಟುತ್ತೆ, ಅಷ್ಟೇ.

ನಮ್ಮ ವೀರಗಲ್ಲುಗಳೂ ಬದುಕಿರೋರಿಂದ ಏನನ್ನೋ ಕೇಳ್ತವೆ. ಇದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಸುಮಾರು 949-50ರದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಚೆನ್ನಾಗಿ ಕಾದಿದ್ದಕ್ಕೆ ಗಂಗರ ಬೂತುಗ ತನ್ನ ಕಡೆಯ ಮಣಲೇರನಿಗೆ "ಏನು ಬೇಕು ಕೇಳು" ಅಂದ. ಮಣಲೇರ ಕೇಳಿದ್ದು ಊರಲ್ಲ, ಚಿನ್ನವಲ್ಲ, ಕಾಳಿ ಅನ್ನೋ ಬೇಟೆನಾಯಿ! ಆ ಕಾಳಿ ಆಮೇಲೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೇ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿದ, ಅದಕ್ಕೆ ಭೂಮಿ ಬಿಟ್ಟ. ಅಷ್ಟೇ ಅಲ್ಲ, ಆ ಕಲ್ಲಿಗೆ ಪೂಜೆ ಮಾಡೋ ಗೊರವ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ಅಂತ ಬರೆಸಿದ. ಅಂದರೆ ದಿನಾ ಊಟಕ್ಕೆ ಮೊದಲು ಯಾರಾದರೂ ಒಬ್ಬರು ಕಾಳಿಯ ಕಲ್ಲಿನ ಮುಂದೆ ನಿಲ್ಲಲೇಬೇಕು. ಎಂಥ ಪಕ್ಕಾ ವ್ಯವಸ್ಥೆ ನೋಡಿ.

ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಅಲ್ಲಿ ಗೊರವನೂ ಇಲ್ಲ, ಪೂಜೆಯೂ ಇಲ್ಲ.

ಮ್ಯೂಸಿಯಮ್ಮನ್ನು ಬೈಯೋದು ಸುಲಭ, ಆದರೆ ನಾನು ಪೂರ್ತಿ ಬೈಯಲಾರೆ. ಆತಕೂರಿನ ಕಲ್ಲು ಹೊರಗೇ ಇದ್ದಿದ್ದರೆ ಅಕ್ಷರಗಳು ಈ ಹೊತ್ತಿಗೆ ಎಷ್ಟು ಉಳೀತಿದ್ದವೋ. ಎಷ್ಟೋ ವೀರಗಲ್ಲು ಬಟ್ಟೆ ಒಗೆಯೋ ಕಲ್ಲಾಗಿವೆ, ಮೋರಿಗೆ ಹಾಸುಗಲ್ಲಾಗಿವೆ, ಮೆಟ್ಟಿಲಾಗಿವೆ. ಅಂಥ ಕಡೆ ಮ್ಯೂಸಿಯಂ ಬಂದು ಎತ್ತಿಕೊಂಡು ಹೋಗೋದು ಆಂಬ್ಯುಲೆನ್ಸ್ ಬಂದ ಹಾಗೆ. ಬೇಡ ಅನ್ನೋಕಾಗಲ್ಲ. ನಾನು ಹೇಳೋದು ಇಷ್ಟೇ: ಆರೋಗ್ಯವಾಗಿ ನಿಂತಿರೋನನ್ನು ಆಂಬ್ಯುಲೆನ್ಸಿಗೆ ಹಾಕಬೇಡಿ. ಆತಕೂರಿನ ಕಲ್ಲಿನ ಮೇಲೆ ಊರು, ಅರಸ, ಯುದ್ಧ, ನಾಯಿ ಎಲ್ಲದರ ಹೆಸರೂ ಇದೆ. ಅದನ್ನು ಎಲ್ಲಿಗೆ ಒಯ್ದರೂ ಅದು ತನ್ನ ವಿಳಾಸ ಹೇಳುತ್ತೆ. ನಮ್ಮ ಬೇಲಿ ಪಕ್ಕದ ಕಲ್ಲು ಹೇಳಲ್ಲ.

ಇದು ಎಷ್ಟು ದೊಡ್ಡ ವ್ಯತ್ಯಾಸ ಅನ್ನೋದಕ್ಕೆ ಮತ್ತೆ ಈಜಿಪ್ಟೇ ಸಾಕ್ಷಿ. ಅಬಿಡೋಸ್ ಅಂತ ಅವರ ಕಾಶಿಯಂಥ ಊರು. ಒಸೈರಿಸ್ ದೇವರ ಉತ್ಸವ ವರ್ಷಕ್ಕೊಮ್ಮೆ ದೇವಸ್ಥಾನದಿಂದ ಮರುಭೂಮಿಯ ಕಡೆ ಹೊರಡ್ತಿತ್ತು. ಆ ದಾರಿಯ ಪಕ್ಕ ಜನ ಮಣ್ಣಿಟ್ಟಿಗೆಯ ಸಣ್ಣ ಗುಡಿ ಕಟ್ಟಿ, ಒಳಗೆ ತಮ್ಮ ಮನೆಯವರ, ಗೆಳೆಯರ, ಆಫೀಸಿನವರ ಕಲ್ಲುಗಳನ್ನು ನಿಲ್ಲಿಸ್ತಿದ್ದರು. ವರ್ಷ ವರ್ಷ ಉತ್ಸವ ಕಣ್ತುಂಬ ಕಾಣಲಿ ಅಂತ. ನಮ್ಮ ಗೋಣಿಕೊಪ್ಪ ದಸರಾದ ಮೆರವಣಿಗೆ ನೋಡೋಕೆ ಸಂಜೆಯೇ ಹೋಗಿ ಅಂಗಡಿ ಮಹಡಿಯಲ್ಲಿ ಜಾಗ ಹಿಡೀತಾರಲ್ಲ, ಅದೇ ಲೆಕ್ಕ. 19ನೇ ಶತಮಾನದಲ್ಲಿ ಯುರೋಪಿನ ರಾಯಭಾರಿಗಳೂ ವ್ಯಾಪಾರಿಗಳೂ ಪೈಪೋಟಿಯ ಮೇಲೆ ಈಜಿಪ್ಟಿನ ಪುರಾತನ ವಸ್ತುಗಳನ್ನು ಕೊಂಡು ಹಡಗಿಗೆ ಹಾಕಿದರು. ಡ್ರೊವೆಟ್ಟಿಯ ಸಂಗ್ರಹ ಟ್ಯೂರಿನ್ನಿಗೆ ಹೋಯ್ತು, ಅನಸ್ತಾಸಿಯದ್ದು ಲೈಡನ್ನಿಗೆ, ಹೆನ್ರಿ ಸಾಲ್ಟನದ್ದು ಲಂಡನ್ನಿಗೆ ಪ್ಯಾರಿಸ್ಸಿಗೆ. ಅಬಿಡೋಸಿನ ಕಲ್ಲುಗಳೂ ಹೀಗೇ ಚೆದುರಿದವು. ಒಂದೇ ಗುಡಿಯಲ್ಲಿ ಒಟ್ಟಿಗಿದ್ದ ಅಪ್ಪ ಮಗ ಬೇರೆ ಬೇರೆ ದೇಶ ಸೇರಿದರು. ಯಾವ ಕಲ್ಲು ಯಾವ ಗುಡಿಯದು ಅಂತ ಯಾರೂ ಬರೆದಿಡಲಿಲ್ಲ.

ಎಷ್ಟೋ ವರ್ಷ ಆದ ಮೇಲೆ ವಿದ್ವಾಂಸರು ಕೂತು, ಕಲ್ಲುಗಳ ಮೇಲಿನ ಹೆಸರುಗಳನ್ನು ಹೊಂದಿಸಿ ಹೊಂದಿಸಿ, ಇವನು ಅವನ ತಮ್ಮ, ಆದ್ದರಿಂದ ಈ ಎರಡು ಒಂದೇ ಗುಡಿಯವು ಅಂತ ಮತ್ತೆ ಗುಂಪು ಮಾಡಬೇಕಾಯ್ತು. ವಿಲಿಯಂ ಕೆಲ್ಲಿ ಸಿಂಪ್ಸನ್ 1974ರಲ್ಲಿ ಇದರ ಬಗ್ಗೆ ಒಂದು ಇಡೀ ಪುಸ್ತಕ ತಂದರು. ಅದರ ಮೊದಲ ಗುಂಪು ಇಖೆರ್ನೊಫ್ರೆತ್ ಅನ್ನೋ ಖಜಾಂಚಿಯದು. ಅವನ ದೊಡ್ಡ ಕಲ್ಲು ಬರ್ಲಿನ್ನಿನಲ್ಲಿದೆ, ಅವನ ಕಡೆಯವರದು ಬೇರೆ ಬೇರೆ ದೇಶಗಳ ಮ್ಯೂಸಿಯಮ್ಮುಗಳಲ್ಲಿವೆ. ಡೇಟಾಬೇಸಿನ ಕೆಲಸ ಮಾಡಿದವರಿಗೆ ಇದರ ನೋವು ಅರ್ಥ ಆಗುತ್ತೆ. ಟೇಬಲ್ಲುಗಳೆಲ್ಲ ಇವೆ, ಅವನ್ನು ಜೋಡಿಸೋ ಕೀಲಿ ಅಳಿಸಿಹೋಗಿದೆ. ಅಲ್ಲಿ ಪುಣ್ಯಕ್ಕೆ ಹೆಸರಾದರೂ ಇತ್ತು, ಅದನ್ನೇ ಕೀಲಿ ಮಾಡಿಕೊಂಡರು.

ಹೆಸರಿಲ್ಲದ ಕಲ್ಲಿಗೆ ಇರೋ ಒಂದೇ ಒಂದು ಕೀಲಿ ಅದು ನಿಂತ ಜಾಗ.

ಆ ಬೇಲಿಯ ಹತ್ತಿರ ನಿಂತು ನೋಡಿದರೆ ನಿಮಗೂ ಗೊತ್ತಾಗುತ್ತೆ. ಕಲ್ಲಿನ ಬೆನ್ನಿಗೆ ಏರು, ಮುಂದೆ ಇಳಿಜಾರಿನ ಕೆಳಗೆ ಗದ್ದೆ ಬಯಲು. ಪಕ್ಕದಲ್ಲೇ ಒಂದು ಹಳೇ ಓಣಿ, ಎರಡೂ ಕಡೆ ಮಣ್ಣಿನ ದಿಬ್ಬ, ಈಗ ಅದರಲ್ಲಿ ಲಂಟಾನ ತುಂಬಿದೆ. ಕಲ್ಲಿನ ಕೆಳ ಅಂತಸ್ತಿನಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ಕೋಡಿರೋ ಎರಡು ಪ್ರಾಣಿ. ದನ ಅಂತ ನನ್ನ ನಂಬಿಕೆ. ಬಯಲಿನಿಂದ ಏರಿ ಬರೋ ಓಣಿ, ಅದರ ಬಾಯಲ್ಲಿ ದನಗಳ ಮುಂದೆ ನಿಂತವನ ಚಿತ್ರ. ಕಥೆ ಹೀಗೇ ನಡೀತು ಅಂತ ನಾನು ಆಣೆ ಮಾಡಲ್ಲ. ಆದರೆ ಮುಂದೆ ಯಾರಾದರೂ ಗೊತ್ತಿರೋರು ಬಂದು, ಆ ಓಣಿ ಎಲ್ಲಿಂದ ಎಲ್ಲಿಗೆ ಹೋಗ್ತಿತ್ತು, ಪಕ್ಕದ ಊರಿನಲ್ಲಿ ಇಂಥದ್ದೇ ಇನ್ನೊಂದು ಕಲ್ಲಿದೆಯಾ ಅಂತ ನೋಡಿದರೆ ಏನಾದರೂ ಹೊಳೆಯುತ್ತೆ. ಕಾರಂಜಿ ಪಕ್ಕ ನಿಲ್ಲಿಸಿದರೆ ಏನು ಹೊಳೆಯುತ್ತೆ? ಹಳದಿ ಲೈಟು!

ಗುಂಪಿನವರ ಆಕ್ಷೇಪಗಳಿಗೆ ಬರ್ತೀನಿ. ಸೇಫ್ ಆಗಿರುತ್ತೆ ಅಂದಿರಿ. ಕ್ರೇನಿನಲ್ಲೋ ಹಗ್ಗದಲ್ಲೋ ಕೀಳುವಾಗ ನೆಲದೊಳಗಿರೋ ಭಾಗ ಮುರಿಯಲ್ಲ ಅಂತ ಯಾರು ಗ್ಯಾರಂಟಿ ಕೊಡ್ತಾರೆ? ಕಾರಂಜಿಯ ನೀರು ದಿನಾ ಕಲ್ಲಿನ ಮೇಲೆ ಹಾರಿದರೆ ಏನಾಗುತ್ತೆ ಅಂತ ನಿಮ್ಮನೆ ಬಾತ್‌ರೂಮಿನ ಗೋಡೆ ನೋಡಿ. ಹತ್ತು ವರ್ಷಕ್ಕೆ ರೆಸಾರ್ಟ್ ಕೈ ಬದಲಾಗುತ್ತೆ, ಹೊಸಬರಿಗೆ ಬುದ್ಧನ ಪ್ರತಿಮೆ ಇಷ್ಟ. ಆಗ ಈ ಕಲ್ಲು ಎಲ್ಲಿಗೆ?

ನಾಲ್ಕು ಜನ ನೋಡ್ತಾರೆ ಅಂದಿರಿ. ನೋಡ್ತಾರೆ, ಸೆಲ್ಫಿ ತೆಗೀತಾರೆ. "ಇದೇನು?" ಅಂತ ಮಗು ಕೇಳಿದರೆ ಅಪ್ಪ "ಯಾವುದೋ ಹಳೇ ಕಲ್ಲು ಪುಟ್ಟಾ" ಅಂತಾನೆ. ಅದೇ ಮಗುವನ್ನು ಬೇಲಿ ತನಕ ಇನ್ನೂರು ಹೆಜ್ಜೆ ನಡೆಸಿಕೊಂಡು ಹೋಗಿ, ಬಯಲು ತೋರಿಸಿ, ಓಣಿ ತೋರಿಸಿ ಆಮೇಲೆ ಕಲ್ಲು ತೋರಿಸಿದರೆ ಅದು ರಾತ್ರಿಯಿಡೀ ಪ್ರಶ್ನೆ ಕೇಳುತ್ತೆ. ರೆಸಾರ್ಟಿನವರಿಗೆ ವ್ಯಾಪಾರದ ದೃಷ್ಟಿಯಿಂದಲೂ ಇದೇ ಲಾಭ, ಇದನ್ನು ನಾನು ಯಜಮಾನರಿಗೂ ಹೇಳಿದೆ. ಕಾರಂಜಿ ಎಲ್ಲರ ಹತ್ತಿರವೂ ಇದೆ.

"ಬೆಂಗಳೂರಲ್ಲಿ ಏಸಿಯಲ್ಲಿ ಕೂತು ಊರಿನ ಬಗ್ಗೆ ಭಾಷಣ ಮಾಡ್ತೀಯ" ಅಂತಲೂ ಒಬ್ಬ ಅಂದ. ಬೆಂಗಳೂರಿನ ಮಾತು ಬಂದಿದ್ದಕ್ಕೆ ಅಲ್ಲಿನದ್ದನ್ನೇ ಹೇಳ್ತೀನಿ. ಬೇಗೂರಿನ ದೇವಸ್ಥಾನದಲ್ಲಿರೋ ಸುಮಾರು 890ರ ಕಲ್ಲಿನಲ್ಲಿ 'ಬೆಂಗಳೂರು ಕಾಳಗ' ಅನ್ನೋ ಮಾತಿದೆ. ಬೆಂಗಳೂರು ಅನ್ನೋ ಹೆಸರು ಎಷ್ಟು ಹಳೇದು ಅಂತ ನಮಗೆ ಹೇಳಿಕೊಟ್ಟಿದ್ದೇ ಜಗಳದಲ್ಲಿ ಸತ್ತವನೊಬ್ಬನ ಕಲ್ಲು. ಅದು ಬೇಗೂರಿನಲ್ಲೇ ಸಿಕ್ಕಿದ್ದರಿಂದ ಅಲ್ಲವೇ ನಾವದನ್ನು ಈ ಬೆಂಗಳೂರೇ ಅಂತ ಇಷ್ಟು ಧೈರ್ಯವಾಗಿ ಹೇಳೋದು? 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯನ ಕಲ್ಲು ಇನ್ನೂ ಹಳೇದು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750. ರಟ್ಟವಾಡಿಯವರು ಪೆರ್ಬೊಳಲ್ನಾಡಿನ ಮೇಲೆ ಬಂದಾಗ ಕಾದಿ ಸತ್ತವನು ಈ ಕಿತ್ತಯ. ಫ್ಲೈಓವರಿನ ಮೇಲೆ ಟ್ರಾಫಿಕ್ಕಿನಲ್ಲಿ ಸಾಯ್ತಾ ಇರೋ ನಮಗಿಂತ ಸಾವಿರದ ಇನ್ನೂರು ವರ್ಷ ಮೊದಲೇ ಅಲ್ಲೊಬ್ಬ ಸರಿಯಾದ ಕಾರಣಕ್ಕೆ ಸತ್ತಿದ್ದ.

ಹೆಂಗಸರ ಕಲ್ಲಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಗುಂಪಿನಲ್ಲಿ ಒಬ್ಬಳು ಸರಿಯಾಗಿಯೇ ಕೇಳಿದಳು: "ಮಾಸ್ತಿಕಲ್ಲು ಸಿಕ್ಕಿದ್ದರೆ ಅದನ್ನೂ ಹೀಗೇ ಕಾಪಾಡು ಅಂತಿದ್ದೆಯಾ?" ಹೌದು, ಅಂತಿದ್ದೆ. ನಾಗರಹೊಳೆ ಕಾಡಿನ ಆಚೆಗೆ, ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಕಲ್ಲೊಂದಿದೆ. ನುಗುನಾಡಿನ ರವಿಗನ ಮಗಳು ದೇಕಬ್ಬೆಯದು. ಗಂಡ ಏಚ ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದನೆಂದು ಚೋಳ ಅರಸ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದ. ಸುದ್ದಿ ತಿಳಿದ ದೇಕಬ್ಬೆ ಬೆಂಕಿಗೆ ಬೀಳ್ತೀನಿ ಅಂದಳು. ಅಪ್ಪ ಅಮ್ಮ ಬೇಡ ಬೇಡ ಅಂದರು, ಅವಳು ಕೇಳಲಿಲ್ಲ. ಮಗಳಿಗೆ ಕಲ್ಲು ನಿಲ್ಲಿಸಿದವನು ಆ ಅಪ್ಪನೇ. ಕನ್ನಡ ಶಾಸನ ಕಾವ್ಯದಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ನನಗೆ ಅದರಲ್ಲಿ ಕಾಣೋದು ಮಹಿಮೆ ಅಲ್ಲ, ಬೇಡ ಅಂದ ತಂದೆತಾಯಿಯ ಮಾತನ್ನು ಕಲ್ಲಿನಲ್ಲೇ ಉಳಿಸಿದ್ದಾರಲ್ಲ, ಅದು. ಆ ಕಲ್ಲನ್ನು ಒಡೆದುಹಾಕಿದರೆ ಸತಿ ಪದ್ಧತಿ ಇರಲೇ ಇಲ್ಲ ಅಂತ ನಾಳೆ ಒಬ್ಬ ವಾದಿಸಬಹುದು. ಹಾಗೆ ಸತ್ತವಳಿಗೊಂದು ಹೆಸರಿತ್ತು, ಅವಳನ್ನು ತಡೆಯೋಕೆ ಹೊರಟವರಿದ್ದರು ಅನ್ನೋದೂ ಆ ಕಲ್ಲಿನ ಜೊತೆಗೇ ಹೋಗುತ್ತೆ.

ಸರಿ, ಕಿತ್ತುಹಾಕಬೇಡಿ ಅಂದ ಮೇಲೆ ಏನು ಮಾಡಬೇಕು ಅಂತಲೂ ಹೇಳಬೇಕಲ್ಲ. ಕಲ್ಲಿನ ಸುತ್ತ ಹತ್ತಡಿ ಜಾಗ ಬಿಟ್ಟು ಬೇಲಿ ಸ್ವಲ್ಪ ತಿರುಗಿಸಲಿ. ಬುಡಕ್ಕೆ ಸಿಮೆಂಟ್ ಸುರಿಯೋದು ಬೇಡ, ನೀರು ಹರಿದುಹೋಗೋಕೆ ಒಂದು ಸಣ್ಣ ಚರಂಡಿ ಸಾಕು. ಎಣ್ಣೆ, ಸುಣ್ಣ, ಪೇಂಟು, ಗೆರೆ ಕಾಣಲಿ ಅಂತ ಚಾಕ್ ಪೀಸು, ಆಸಿಡ್ಡು, ತಂತಿ ಬ್ರಷ್ಷು ಯಾವುದೂ ಬೇಡ. ಪಾಚಿ ಬಂದರೆ ಬರಲಿ. ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲಿನ ಬೋರ್ಡು ಹಾಕಲಿ, ಅದನ್ನು ನಾನು ಬರೆದುಕೊಡ್ತೀನಿ, ದುಡ್ಡು ಬೇಡ, ಒಂದು ಊಟ ಸಾಕು.

ಫೋಟೋ ತೆಗೆಯೋರಿಗೆ ಒಂದು ಟಿಪ್ಪು. ಮಧ್ಯಾಹ್ನದ ಬಿಸಿಲಿನಲ್ಲಿ, ಫ್ಲ್ಯಾಶ್ ಹಾಕಿ ತೆಗೆದರೆ ಕಲ್ಲು ಚಪಾತಿಯ ಹಾಗೆ ಕಾಣುತ್ತೆ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚು ಕಮ್ಮಿ ಒರಗಿಸಿ ಪಕ್ಕದಿಂದ ಹಿಡೀರಿ. ಸವೆದ ಗೆರೆಗಳೆಲ್ಲ ನೆರಳು ಬಿಟ್ಟು ಎದ್ದುಬರ್ತವೆ. ನನ್ನ ಕಲ್ಲಿನಲ್ಲಿ ಎರಡನೇ ದನ ಸಿಕ್ಕಿದ್ದು ಹಾಗೆಯೇ. ಅಳತೆಗೆ ಪಕ್ಕದಲ್ಲೊಂದು ಸ್ಕೇಲಿಡಿ, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಬರೆದುಕೊಳ್ಳಿ, ಕಲ್ಲಿನದೊಂದೇ ಅಲ್ಲ ಸುತ್ತಲಿನ ಜಾಗದ್ದೂ ಫೋಟೋ ತೆಗೀರಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಅಲ್ಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ವಿಕಿಮೀಡಿಯಾ ಕಾಮನ್ಸಿಗೆ ಹಾಕಿದ್ದಾರೆ. ಕಣ್ಣಿಗೆ ಕಾಣದ ಅಕ್ಷರ ಸ್ಕ್ಯಾನಿನಲ್ಲಿ ಕಾಣುತ್ತೆ. ನಮ್ಮಂಥ ಸಾಫ್ಟ್‌ವೇರ್ ಮಂದಿ ಊರಿಗೆ ಏನಾದರೂ ಮಾಡಬೇಕು ಅಂತ ಕೊರಗ್ತೀವಲ್ಲ, ಇದು ನಮ್ಮ ಕೈಯಲ್ಲಾಗೋ ಕೆಲಸ. ಒಳ್ಳೇ ಫೋನ್ ಕ್ಯಾಮರಾದಲ್ಲಿ ಸುತ್ತಲಿಂದ ನೂರು ಫೋಟೋ ತೆಗೆದರೂ ಒಂದು ಮಟ್ಟದ ತ್ರೀಡಿ ಮಾದರಿ ಬರುತ್ತೆ.

ಕಾನೂನೂ ಇದೆ ಅನ್ನೋದು ನೆನಪಿರಲಿ. 1972ರ ಕೇಂದ್ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪುರಾವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡೋ ಹಾಗಿಲ್ಲ. "ನನ್ನ ತೋಟದ ಕಲ್ಲು, ನನ್ನಿಷ್ಟ" ಅನ್ನೋ ಮಾತು ಅಷ್ಟು ಸಲೀಸಲ್ಲ. ಆದರೆ ನಾನು ಯಜಮಾನರ ಹತ್ತಿರ ಕಾನೂನಿನ ಮಾತೆತ್ತಲಿಲ್ಲ. ಎತ್ತಿದ ತಕ್ಷಣ ಜನ ಹೆದರಿ ರಾತ್ರೋರಾತ್ರಿ ಕಲ್ಲನ್ನು ಕೆರೆಗೆ ತಳ್ಳಿಬಿಡ್ತಾರೆ. ಅವರ ಹತ್ತಿರ ಬಯಲು, ಓಣಿ, ದನಗಳ ಕಥೆ ಹೇಳಿದೆ. ಮೀದಿ ಇಡೋ ಮನೆಯವರು, ಹಿರಿಯರು ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಬಲ್ಲವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವನಿಗೆ ಯಾರೂ ಏನೂ ಇಡ್ತಾ ಇಲ್ಲ ಅಲ್ವಾ" ಅಂದರು. ಆಮೇಲೆ ಆರ್ಕಿಟೆಕ್ಟನ್ನು ಕೇಳಬೇಕು, ಪುತ್ತರಿ ಕಳೀಲಿ, ನೋಡೋಣ ಅಂದರು. ಗೇಟಿನ ಕೆಲಸ ಶುರುವಾಗೋದೂ ಆಮೇಲೆಯೇ.

ಅಷ್ಟರೊಳಗೆ ವೀರಗಲ್ಲು ನೋಡಿ ಗೊತ್ತಿರೋರು ಯಾರಾದರೂ ಒಂದು ವೀಕೆಂಡ್ ನನ್ನ ಜೊತೆ ಬಂದರೆ ದೊಡ್ಡ ಉಪಕಾರ. ಪೊನ್ನಂಪೇಟೆ, ತಿತಿಮತಿ, ಬಾಳೆಲೆ, ಅಮ್ಮತ್ತಿ ಕಡೆಯವರು ನಿಮ್ಮೂರಿನ ಕಲ್ಲುಗಳಿದ್ದರೆ ತಿಳಿಸಿ. ಜಾಗದ ಹೆಸರನ್ನು ಕಾಮೆಂಟಿನಲ್ಲಿ ಹಾಕಬೇಡಿ, ಕಲ್ಲು ಕದಿಯೋರೂ ಬ್ಲಾಗ್ ಓದ್ತಾರೆ, ನನಗೆ ಮೇಲ್ ಮಾಡಿ. ಬರೋರು ಟಾರ್ಚ್ ತನ್ನಿ, ಜಿಗಣೆಗೆ ಉಪ್ಪು ನಾನು ತರ್ತೀನಿ.